ಒಕಾಕನ ಕಿವಿಗೆ ಬಿದ್ದ ಗುರುತು

ನಮ್ಮತ್ತೆ ಶಿಮೆನೊಗೆ ಈ ಲೋಕದಲ್ಲಿ ಯಾರ ಮೇಲೂ ನಂಬಿಕೆ ಇಲ್ಲ. ಅಂಗಡಿಯಿಂದ ತಂದ ಮೊಟ್ಟೆಯನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡ್ತಾರೆ. ಟೀವಿಯವರು ಇವತ್ತು ಮಳೆ ಇಲ್ಲ ಅಂದರೆ ಕೊಡೆ ತಗೊಂಡೇ ಹೊರಡ್ತಾರೆ. ಮಳೆ ಬರುತ್ತೆ ಅಂದರೂ ತಗೊಂಡು ಹೋಗ್ತಾರೆ, ಒಂದೊಂದು ಸಲ ಅವರು ನಿಜಾನೂ ಹೇಳ್ತಾರಲ್ಲ ಅಂತ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಮಿಸೊ ಸಾರನ್ನ ಮೂಸಿ ನೋಡಿ ಬಾಯಿಗಿಟ್ಟವರು, ಇವತ್ತಿಗೂ ಮೂಸದೆ ಒಂದು ಗುಟುಕು ಕುಡಿದಿಲ್ಲ. "ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ, ಬಿಡು ನೊಬುಯೆ" ಅಂತ ನನ್ನ ಗಂಡ ಯಸುಹಿರೊ ನಗ್ತಾನೆ. ನಗಲಿ, ಅವನಿಗೇನು? ಸಾರು ಮಾಡೋಳು ನಾನು.

ಅಂಥ ಅತ್ತೆ ನಂಬಿದ್ದು ಒಂದೇ ಒಂದು ಜೀವವನ್ನ. ಅದು ಒಕಾಕ, ನಮ್ಮ ಮನೆಯ ಗಂಡು ಬೆಕ್ಕು. ಮಾವ ತೀರಿಕೊಂಡ ವರ್ಷ ಬಂದರಿನ ಮೀನಿನ ಪೆಟ್ಟಿಗೆಗಳ ಸಂದಿಯಿಂದ ಅತ್ತೆಯೇ ಎತ್ತಿಕೊಂಡು ಬಂದಿದ್ದು. ಒಕಾಕ ಅಂದರೆ ಹೆರೆದ ಒಣಮೀನು, ಅದೇ ಬಣ್ಣಕ್ಕಿದ್ದಾನೆ ಅಂತ ನನ್ನ ಮಗಳು ಚಿನಾತ್ಸು ಆ ಹೆಸರಿಟ್ಟಳು. ಮಾವನ ಮೆತ್ತೆಯ ಮೇಲೆ ಮನೆಯಲ್ಲಿ ಯಾರೂ ಕೂರೋ ಹಾಗಿಲ್ಲ. ಒಕಾಕ ಮಾತ್ರ ಕೂರಬಹುದು, ಮಲಗಬಹುದು, ಉಗುರು ಕೂಡ ಮಸೆಯಬಹುದು.

"ಅಜ್ಜಿ, ಅವನ ಕುತ್ತಿಗೆಗೆ ಒಂದು ಪಟ್ಟಿ ಕಟ್ಟೋಣ. ಸಣ್ಣ ಗಂಟೆ ಇರೋದು" ಅಂತ ಚಿನಾತ್ಸು ಎಷ್ಟು ಸಲ ಗೋಗರೆದಿದ್ದಳೋ.

"ಪಟ್ಟಿ ಕೊಂಬೆಗೆ ಸಿಕ್ಕಿಕೊಂಡು ಉಸಿರುಕಟ್ಟಿ ಸಾಯಲಿ ಅಂತಲಾ? ಆ ಅಂಗಡಿಯವನು ಎಂಥದ್ದರಲ್ಲಿ ಮಾಡಿರ್ತಾನೋ ಏನೋ."

ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅನ್ನೋದು ಬೇರೆ ಕಡೆ ಗಾದೆ ಇರಬಹುದು, ನಮ್ಮ ಮನೇಲಿ ಅದು ಜಗಳ. ಪ್ರಾಣಿ ಡಾಕ್ಟರ ಕೈಗೂ ಅವನನ್ನ ಕೊಡಲಿಲ್ಲ. ಮರಿಯಾಗದ ಆಪರೇಷನ್ ಮಾಡಿಸೋಣ ಅಂದರೆ, "ನಿನ್ನ ಗಂಡನಿಗೆ ಮಾಡಿಸು ಹೋಗು" ಅಂದರು. ಯಸುಹಿರೊ ಪೇಪರಿನ ಹಿಂದೆ ಮುಖ ಅಡಗಿಸಿಕೊಂಡ.

ನಮ್ಮದು ಬಂದರಿನಿಂದ ಗುಡ್ಡಕ್ಕೆ ಹತ್ತುವ ಮೆಟ್ಟಿಲ ಓಣಿ. ಎದುರು ಮನೆ ಕಾನೆಮಿತ್ಸು ಅವರದ್ದು. ದ್ವೀಪಗಳಿಗೆ ಓಡಾಡುವ ಲಾಂಚಿನಲ್ಲಿ ಹಗ್ಗ ಕಟ್ಟೋ ಕೆಲಸದಲ್ಲಿದ್ದು ನಿವೃತ್ತರಾದವರು. ಹೆಂಡತಿ ಹೋದ ಮೇಲೆ ಈ ಮನೆಗೆ ಬಂದು ಒಬ್ಬರೇ ಇದ್ದರು. ಕಂಡರೆ ತಲೆ ಬಗ್ಗಿಸೋರು, ಮಾತಿಲ್ಲ. ಅವರ ಗೋಡೆಯ ಬುಡದಲ್ಲಿ ಉದ್ದಕ್ಕೂ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಗಳು. ನೀರಿನ ಮೇಲೆ ಬಿಸಿಲು ಮಿಂಚಿದರೆ ಬೆಕ್ಕು ಹೆದರುತ್ತೆ ಅಂತ, ಬೆಕ್ಕು ಕಂಡರಾಗದವರು ಇಡೋದು. ಒಕಾಕ ಆ ಬಾಟಲಿಗೇ ಬೆನ್ನು ತುರಿಸಿಕೊಂಡು ಬರ್ತಿದ್ದ.

ಅತ್ತೆಗೆ ಅಷ್ಟು ಸಾಕಾಯ್ತು.

"ಬೆಕ್ಕು ಕಂಡರಾಗದ ಮನುಷ್ಯ ದಿನಾ ಮೀನಂಗಡಿಗೆ ಯಾಕೆ ಹೋಗ್ತಾನೆ ಹೇಳು."

"ಅವರೂ ಊಟ ಮಾಡಬೇಕಲ್ಲ ಅತ್ತೆ."

"ಎಲ್ಲಾ ಬೆರಳುದ್ದದ ಮೀನು ಕಣೇ. ಒಬ್ಬ ಗಂಡಸಿನ ಊಟವಾ ಅದು? ವಿಷ ಸವರಿ ಇಡೋದಕ್ಕೆ ಆ ಅಳತೆ ಸರಿ."

ಇನ್ನೊಂದು ದಿನ ಕಿಟಕಿಯಿಂದ ಓಡಿ ಬಂದು ನನ್ನ ತೋಳು ಹಿಡಿದುಕೊಂಡರು. "ತಂತಿ ಬೋನು ತಗೊಂಡು ಹೋದ. ಮೇಲೆ ಬಟ್ಟೆ ಹೊದಿಸಿದ್ದಾನೆ. ಒಳ್ಳೇ ಕೆಲಸಕ್ಕೆ ಯಾರಾದ್ರೂ ಬಟ್ಟೆ ಹೊದಿಸ್ತಾರಾ?"

ನಿಜ ಹೇಳ್ತೀನಿ, ಅವತ್ತು ನನಗೂ ಅನುಮಾನ ಬಂತು. ಆದರೆ ಅತ್ತೆಯ ಮುಂದೆ ಒಪ್ಪಿಕೊಂಡರೆ ಉಳಿಗಾಲ ಉಂಟಾ? ಬೋನು ಹೂವಿನ ಕುಂಡಕ್ಕಿರಬಹುದು ಅಂದುಬಿಟ್ಟೆ.

ಅದಾದ ವಾರದಲ್ಲೇ ಒಕಾಕ ಮನೆಗೆ ಬರಲಿಲ್ಲ. ಸಂಜೆ ಊಟದ ಹೊತ್ತಿಗೆ ತಪ್ಪದೆ ಹಾಜರಾಗೋನು. ಅತ್ತೆ ಅನ್ನ ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ನಿಂತು ಕರೆದರು, ಬಂದರಿನವರೆಗೂ ಇಳಿದು ಕರೆದರು. ಗಂಟಲು ಬಿದ್ದುಹೋಯ್ತು. ಮಾರನೇ ದಿನ ಮಧ್ಯಾಹ್ನ ತೂರಾಡಿಕೊಂಡು ಬಂದ ಬೆಕ್ಕು ನೇರವಾಗಿ ಮಾವನ ಮೆತ್ತೆಯ ಮೇಲೆ ಬಿದ್ದುಕೊಂಡಿತು. ಚಿನಾತ್ಸು ಹತ್ತಿರ ಹೋಗಿ ನೋಡಿ, "ಅಮ್ಮಾ, ಕಿವಿ!" ಅಂತ ಕಿರುಚಿದಳು.

ಬಲಗಿವಿಯ ತುದಿಯನ್ನ ಚೆರ್ರಿ ಹೂವಿನ ಎಸಳಿನ ಹಾಗೆ ಕತ್ತರಿಸಿದ್ದರು. ಆ ಗುರುತು ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಬೀದಿ ಬೆಕ್ಕನ್ನ ಹಿಡಿದು, ಆಪರೇಷನ್ ಮಾಡಿಸಿ, ವಾಪಸ್ ಬಿಡುವವರು ಹಾಕೋ ಗುರುತು. ಇದಕ್ಕೆ ಯಾರೂ ಇಲ್ಲ, ಇನ್ನೊಮ್ಮೆ ಹಿಡಿಯಬೇಡಿ ಅಂತ ಅದರರ್ಥ. ಚಿನಾತ್ಸು ಬಾಲ ಎತ್ತಿ ನೋಡಿ ಬಾಯಿ ಮುಚ್ಚಿಕೊಂಡಳು. "ಅಯ್ಯೋ ಪಾಪ, ಅದೂ ಹೋಯ್ತಾ" ಅಂತ ಯಸುಹಿರೊ ಕಾಲು ಜೋಡಿಸಿಕೊಂಡು ಕೂತ.

ಅತ್ತೆ ಕೂಗಾಡ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಬೆಕ್ಕಿನ ಪಕ್ಕ ಕೂತು, "ಯಾರೂ ಇಲ್ಲದವನಾ? ನನ್ನ ಒಕಾಕ ಯಾರೂ ಇಲ್ಲದವನಾ?" ಅಂತ ಮೆಲ್ಲಗೆ ಕೇಳಿದರು. ಕಣ್ಣಲ್ಲಿ ನೀರಿತ್ತು. ಮಾವ ಹೋದಾಗಲೂ ನಾನು ಆ ನೀರು ನೋಡಿರಲಿಲ್ಲ. ಆಮೇಲೆ ಹಲ್ಲು ಕಚ್ಚಿ ಹೇಳಿದರು: "ನನ್ನಿಂದ ಇವನನ್ನ ಕಿತ್ತುಕೊಳ್ಳೋಕೆ ಯಾರೋ ಹೊಂಚು ಹಾಕಿದ್ದಾರೆ. ಯಾರು ಅಂತಾನೂ ನನಗೆ ಗೊತ್ತು."

ಅವತ್ತಿಂದ ಒಕಾಕನಿಗೆ ಗೃಹಬಂಧನ. ಗಾಯ ಮಾಯುವವರೆಗೆ ಸುಮ್ಮನಿದ್ದ. ಆಮೇಲೆ ಒಂದು ಬೆಳಗ್ಗೆ ಕಾಗದದ ಬಾಗಿಲನ್ನ ಹರಿದುಕೊಂಡು ಪರಾರಿ. ಅತ್ತೆ ಬಚ್ಚಲ ಕಿಟಕಿಗೆ ಓಡಿದರು, ಅಲ್ಲಿಂದ ಎದುರು ಮನೆಯ ಹಿತ್ತಲು ಕಾಣುತ್ತೆ. ಒಕಾಕ ಸ್ವಂತ ಮನೆಗೆ ಹೋಗೋ ಹಾಗೆ ಹೋಗಿ ಕಾನೆಮಿತ್ಸು ಅವರ ಹಿಂಬಾಗಿಲ ಮುಂದೆ ಕೂತ. ಬಾಗಿಲು ಒಂದು ಗೇಣು ತೆರೀತು. ಬೆಕ್ಕು ಒಳಗೆ ಹೋಯ್ತು. ಬಾಗಿಲು ಮುಚ್ಚಿಕೊಂಡಿತು.

"ನಡಿಯೇ" ಅಂದರು ಅತ್ತೆ.

ಜಗಳಕ್ಕೆ ಹೋಗೋದಾದರೂ ಬರಿಗೈಲಿ ಹೋಗೋದು ನಮ್ಮಲ್ಲಿಲ್ಲ. ಕೆಂಪು ಕಾಳಿನ ಹೂರಣದ ಸಿಹಿಯ ಡಬ್ಬಿ ಒಂದಿತ್ತು, ಅದನ್ನ ಬಟ್ಟೆಯಲ್ಲಿ ಕಟ್ಟೋಕೆ ಹೋದೆ. "ಅದು ಬೇಡ, ತಾರೀಖು ಮುಗೀತಾ ಬಂದಿರೋ ಇನ್ನೊಂದು ಡಬ್ಬಿ ಇದೆಯಲ್ಲ, ಅದನ್ನ ಕಟ್ಟು" ಅಂದರು. ಕೋಪದಲ್ಲೂ ಲೆಕ್ಕಾಚಾರ ನೋಡಿ!

ಕಾನೆಮಿತ್ಸು ಬಾಗಿಲು ತೆಗೆದು ನಮ್ಮನ್ನ ನೋಡಿ ತಬ್ಬಿಬ್ಬಾದರು. ಅವರ ಕಾಲ ಸಂದಿಯಿಂದ ಒಕಾಕ ಇಣುಕಿ ನೋಡಿದ, ನಮ್ಮ ಪರಿಚಯವೇ ಇಲ್ಲದವನ ಹಾಗೆ.

"ಇದು ಏನೋ ಸ್ವಲ್ಪ, ತೆಗೆದುಕೊಳ್ಳಿ" ಅಂತ ಅತ್ತೆ ಡಬ್ಬಿಯನ್ನ ಅವರ ಎದೆಗೆ ಒತ್ತಿದರು. "ನಮ್ಮ ಬೆಕ್ಕಿನ ಕಿವಿ ಕತ್ತರಿಸಿದ್ದು ನೀವೇ ತಾನೇ?"

"ನಿಮ್ಮ... ಸೆಂಚೋ ನಿಮ್ಮ ಬೆಕ್ಕಾ?"

ಲಾಂಚಿನ ಕ್ಯಾಪ್ಟನ್ನನ್ನ ಕರೆಯೋ ಹಾಗೆ ಅವನನ್ನ ಸೆಂಚೋ ಅಂತ ಕರೀತಿದ್ದರಂತೆ. ಅತ್ತೆಯ ಮುಖ ಕೆಂಪಾಯ್ತು. "ಹೆಸರು ಬೇರೆ ಇಟ್ಟಿದ್ದೀರಾ!"

"ಕುತ್ತಿಗೆಗೆ ಪಟ್ಟಿ ಇರಲಿಲ್ಲ ನೋಡಿ" ಅಂದರು ಅವರು. ಹಣೆಯಲ್ಲಿ ಬೆವರು. "ಮೂರು ಹೊತ್ತೂ ಬಂದು ಹಸಿದವನ ಹಾಗೆ ತಿಂತಿದ್ದ. ಬಂದರಿನ ಬೆಕ್ಕುಗಳನ್ನ ಹಿಡಿದು ಸಾಗಿಸ್ತಾರಂತೆ ಅಂತ ಮೀನಂಗಡೀಲಿ ಮಾತು ಕೇಳಿದೆ. ಕಿವೀಲಿ ಗುರುತಿದ್ದರೆ ಮುಟ್ಟಲ್ಲ ಅಂತ ನಾನೇ ಕರ್ಕೊಂಡು ಹೋದೆ. ಯಾರೂ ಇಲ್ಲದವನು ಅಂದ್ಕೊಂಡೆ."

"ಬೆಕ್ಕು ಕಂಡರಾಗದೋರಿಗೆ ಇಷ್ಟೊಂದು ಕರುಣೆಯಾ? ಗೋಡೆ ತುಂಬ ಬಾಟಲಿ ಯಾಕಿಟ್ಟಿದ್ದೀರಿ ಮತ್ತೆ?"

ಅವರು ನೆಲ ನೋಡಿದರು. "ಹಳೇ ಮನೆಯಲ್ಲಿ, ಇಲ್ಲಿ ಬೆಕ್ಕು ಸಾಕ್ತಾರೆ ಅಂತ ತಿಳಿದು, ಜನ ಬಾಗಿಲಿಗೆ ರಟ್ಟಿನ ಪೆಟ್ಟಿಗೇಲಿ ಮರಿಗಳನ್ನ ಹಾಕಿ ಹೋಗೋರು. ಹೆಂಡತಿ ಎಲ್ಲವನ್ನೂ ಸಾಕಿದಳು. ಸಾಯೋ ಮರಿಗಳೂ ಇರ್ತಿದ್ದವು. ಅವಳು ಹೋದ ಮೇಲೆ ನನ್ನ ಕೈಲಿ ಅದನ್ನ ನೋಡೋಕಾಗಲ್ಲ. ಬಾಟಲಿ ಇಟ್ಟರೆ, ಈ ಮನೆಯವನಿಗೆ ಬೆಕ್ಕು ಆಗಲ್ಲ ಅಂದ್ಕೊಂಡು ಯಾರೂ ತಂದು ಬಿಡಲ್ಲ."

ಒಳಗೆ ಗೋಡೆಯ ಹತ್ತಿರ ಒಬ್ಬ ಹೆಂಗಸಿನ ಫೋಟೊ ಇತ್ತು, ಅವಳ ಮಡಿಲಲ್ಲಿ ಎರಡು ಬೆಕ್ಕು. ಅತ್ತೆ ಅದನ್ನೂ ನೋಡಿದರು. ನೋಡಿ, "ಕಥೆ ಚೆನ್ನಾಗಿದೆ" ಅಂದುಬಿಟ್ಟರು. ನಾಚಿಕೆಯಿಂದ ನನ್ನ ಕಿವಿಯೇ ಸುಟ್ಟುಹೋಯ್ತು.

ಕಾನೆಮಿತ್ಸು ಅಲ್ಲೇ ಮಂಡಿಯೂರಿ ಹಣೆಯನ್ನ ನೆಲಕ್ಕೆ ಹಚ್ಚಿದರು. "ಎಂಥಾ ತಪ್ಪು ಮಾಡಿಬಿಟ್ಟೆ. ನಾಳೆಯಿಂದ ಅವನಿಗೆ ಬಾಗಿಲು ತೆಗೆಯಲ್ಲ. ಮಾತು ಕೊಡ್ತೀನಿ." ಒಕಾಕನನ್ನ ಎರಡೂ ಕೈಯಲ್ಲಿ ಎತ್ತಿ ಅತ್ತೆಯ ಕೈಗಿಟ್ಟರು. ಇಟ್ಟ ಮೇಲೂ ಅವರ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿತ್ತು.

ಅತ್ತೆ ಗೆದ್ದರು. ಗೆದ್ದು ಏನು ಬಂತು? ಒಕಾಕ ದಿನಾ ಹೋಗಿ ಆ ಮುಚ್ಚಿದ ಬಾಗಿಲ ಮುಂದೆ ಕೂತು ಅಳೋಕೆ ಶುರು ಮಾಡಿದ. ಮನೇಲಿ ತಟ್ಟೆ ಮೂಸಿ ತಿರುಗಿ ಹೋಗೋನು. ಅತ್ತೆ ಬಚ್ಚಲ ಕಿಟಕಿ ಬಿಟ್ಟು ಕದಲಲಿಲ್ಲ. "ತೆಗೆದೇ ತೆಗೀತಾನೆ ನೋಡ್ತಿರು. ಮಾತು ಉಳಿಸಿಕೊಳ್ಳೋ ಗಂಡಸು ಎಲ್ಲಿದ್ದಾನೆ?"

ತೆಗೆಯಲಿಲ್ಲ. ಮಳೆ ಬಂದ ದಿನ ಬೆಕ್ಕು ನೆನೆದು ಕಿರುಚಿದರೂ ತೆಗೆಯಲಿಲ್ಲ. ಅತ್ತೆಗೆ ಅದು ಇನ್ನೂ ದೊಡ್ಡ ಸಂಕಟ ಆಯ್ತು. ಮೋಸಗಾರರ ಜೊತೆ ಹೇಗಿರಬೇಕು ಅಂತ ಅವರಿಗೆ ಗೊತ್ತು. ಮಾತಿಗೆ ತಪ್ಪದವರ ಜೊತೆ ಹೇಗಿರಬೇಕು ಅಂತ ಗೊತ್ತಿಲ್ಲ.

ಒಂದು ಮಧ್ಯಾಹ್ನ ಮೂಗು ಅರಳಿಸಿ ಎದ್ದು ನಿಂತರು. "ಮೀನು ಬೇಯ್ತಿದೆ! ಅದೇ ಸಣ್ಣ ಮೀನು! ಕಳ್ಳ ಸಿಕ್ಕಿಬಿದ್ದ!" ಈ ಸಲ ಡಬ್ಬಿಯೂ ಇಲ್ಲ, ಅದನ್ನ ಕಟ್ಟೋ ಬಟ್ಟೆಯೂ ಇಲ್ಲ. ಮನೆಯೊಳಗಿನ ಚಪ್ಪಲಿಯಲ್ಲೇ ಓಣಿ ದಾಟಿದರು, ಹಿಂದೆ ನಾನು. ಹಿಂಬಾಗಿಲ ಮುಂದೆ ಒಕಾಕ ಕೂತಿದ್ದ. ಅತ್ತೆ ಬಾಗಿಲು ಬಡಿದರು.

"ತೆಗೀರಿ! ಬೆಕ್ಕಿಗೆ ಬೇಯಿಸ್ತಿದ್ದೀರಲ್ಲ!"

"ಬೆಕ್ಕು ಅಲ್ಲಿದ್ದರೆ ತೆಗೆಯೋಕಾಗಲ್ಲಮ್ಮಾ" ಅಂತ ಒಳಗಿಂದ ದನಿ ಬಂತು. "ಮಾತು ಕೊಟ್ಟಿದ್ದೀನಿ."

ಅತ್ತೆ ಒಕಾಕನನ್ನ ಎತ್ತಿ ನನ್ನ ಕೈಗೆ ತುರುಕಿ, ಬಾಗಿಲನ್ನ ತಾವೇ ಸರಿಸಿದರು. ಅಡುಗೆಮನೆ ಚೊಕ್ಕಟವಾಗಿತ್ತು. ನೆಲದ ಮೇಲೆ ಬೆಕ್ಕಿನ ತಟ್ಟೆ, ಅದರಲ್ಲಿ ಆಗಷ್ಟೇ ಬೆಂದ ಮೀನು, ಮುಳ್ಳು ಬಿಡಿಸಿಟ್ಟಿದ್ದು, ಹಬೆ ಆಡ್ತಿತ್ತು. ಒಲೆ ಪಕ್ಕ ಕಾನೆಮಿತ್ಸು ಊಟದ ಕಡ್ಡಿ ಹಿಡಿದು ನಿಂತಿದ್ದರು.

"ಇದು ಯಾರಿಗೆ?"

"ಯಾರಿಗೂ ಅಲ್ಲ. ಈ ಹೊತ್ತಾದರೆ ಕೈ ಕೇಳಲ್ಲ, ಬೇಯಿಸಿಬಿಡ್ತೀನಿ. ತಟ್ಟೆಗೂ ಹಾಕಿಬಿಡ್ತೀನಿ. ಬಾಗಿಲು ಮಾತ್ರ ತೆಗೆದಿಲ್ಲ."

"ಆಮೇಲೆ?"

"ಚೆಲ್ಲೋಕೆ ಮನಸ್ಸಾಗಲ್ಲ. ಆರಿದ ಮೇಲೆ ನಾನೇ ತಿಂತೀನಿ."

ಅತ್ತೆ ಬಗ್ಗಿ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡರು. "ಉಪ್ಪೇ ಇಲ್ಲವಲ್ಲ ಇದಕ್ಕೆ."

"ಸೆಂಚೋಗೆ ಉಪ್ಪು ಆಗಲ್ಲವಲ್ಲಮ್ಮಾ."

ಅತ್ತೆ ಬಾಯಲ್ಲಿದ್ದನ್ನ ನುಂಗಿದರು. ನನ್ನ ಕೈಯಲ್ಲಿ ಒಕಾಕ ಒದ್ದಾಡ್ತಿದ್ದ. ನಾನು ಹಿಡಿತ ಬಿಟ್ಟೆ. ಅವನು ಓಡಿ ಹೋಗಿ ತಟ್ಟೆಗೆ ಬಾಯಿ ಹಾಕಿದ. ಕಾನೆಮಿತ್ಸು ಮುಖ ಆಚೆ ತಿರುಗಿಸಿ, ಗೋಡೆ ಹಿಡಿದುಕೊಂಡರು. ಅವರ ಭುಜ ಅಲುಗ್ತಿತ್ತು.

ಅತ್ತೆ ಚಪ್ಪಲಿ ಕಳಚಿ, ಯಾರನ್ನೂ ಕೇಳದೆ, ಅಲ್ಲೇ ನೆಲದ ಮೇಲೆ ಕಾಲು ಮಡಚಿ ಕೂತರು.

"ನೊಬುಯೆ, ಮನೆಗೆ ಹೋಗಿ ಇವರಿಗೆ ಅನ್ನ, ಸಾರು ತಗೊಂಡು ಬಾ. ನಾನು ಇಲ್ಲೇ ಇರ್ತೀನಿ" ಅಂದರು. "ಈ ಮನುಷ್ಯನನ್ನ ಒಬ್ಬರನ್ನೇ ಬಿಡೋಕಾಗಲ್ಲ. ನನಗೆ ನಂಬಿಕೆ ಇಲ್ಲ."