ಕರಿ ನೆಲದ ಮೇಲೆ ಮಾಬ್ಲೇಶ್ವರನ ಮಿಷನ್ನು

೨೦೦೩ರ ಆಷಾಢದಲ್ಲಿ ನೀಲಾ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದಳು. ಕೊಡಪಾನಕ್ಕೆ ಏನೂ ಆಗಲಿಲ್ಲ, ಬೆನ್ನು ಹೋಯಿತು. ಹೊನ್ನಾವರದ ಡಾಕ್ಟರು ಮೂರು ತಿಂಗಳು ಬಗ್ಗಬಾರದು ಎಂದರು. ಮಂಚ, ಬಚ್ಚಲು, ಮತ್ತೆ ಮಂಚ.

ಗಂಡ ಮಾಬ್ಲೇಶ್ವರ ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೊ, ಟಿ.ವಿ. ರಿಪೇರಿ ಮಾಡುತ್ತಿದ್ದ. ಮೆಟ್ರಿಕ್ ಎರಡು ಸಲ ಬರೆದವನು. ಸತ್ತ ರೇಡಿಯೊ ಮಾತಾಡಿಸುತ್ತಿದ್ದ, ಮನೆಗೆ ಬಂದ ಜನರನ್ನು ಮಾತಾಡಿಸುತ್ತಿರಲಿಲ್ಲ. ಹೆಂಡತಿ ಮಲಗಿದ ಮೇಲೆ ಅನ್ನ ಮಾಡಲು ಕಲಿತ. ಸಾರು ಕಲಿತ. ಗುಡಿಸುವುದು ಮಾತ್ರ ಬರಲಿಲ್ಲ. ಕಸವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಳಿಸಿ, ಆತು ಎನ್ನುತ್ತಿದ್ದ.

ಸುದ್ದಿ ಶಿರಾಲಿಗೆ ಮುಟ್ಟಿತು. ಅಲ್ಲಿ ಅವನ ಅಕ್ಕ ಮಹಾಲಕ್ಷ್ಮೀ ಇದ್ದಳು. ಗಂಡ ತೀರಿಕೊಂಡವಳು, ಮಕ್ಕಳಿಲ್ಲ. ಹಿಂದೊಮ್ಮೆ ನಾಲ್ಕು ದಿನಕ್ಕೆಂದು ಬಂದು ಎರಡು ತಿಂಗಳು ಇದ್ದಳು. ಅಡಿಗೆಮನೆಯ ಡಬ್ಬಿಗಳ ಜಾಗ ಬದಲಿಸಿದಳು. ತನ್ನ ಮನೆಯ ಜೀರಿಗೆ ಎಲ್ಲಿದೆಯೆಂದು ನೀಲಾ ಅವಳನ್ನು ಕೇಳಬೇಕಾಯಿತು. ಮಾಬ್ಲೇಶ್ವರನ ರಿಪೇರಿ ಮೇಜನ್ನು ಕೊಟ್ಟಿಗೆಗೆ ಹಾಕಿಸಿದಳು. ಎಮ್ಮೆ ಒಂದು ಟ್ರಾನ್ಸ್‌ಫಾರ್ಮರ್ ನೆಕ್ಕಿತು.

ಅವಳು ಅಂಗಡಿಗೆ ಫೋನು ಮಾಡಿದಳು.

“ಮನೆ ಯಾರು ಗುಡಿಸ್ತ್ರು?”

“ಮಿಷನ್ನು,” ಎಂದ ಮಾಬ್ಲೇಶ್ವರ. ಯಾಕೆ ಹಾಗೆ ಹೇಳಿದನೆಂದು ಅವನಿಗೇ ತಿಳಿಯಲಿಲ್ಲ.

“ಎಂತ ಮಿಷನ್ನು?”

“ನಾನೇ ಮಾಡಿದ್ದು ಅಕ್ಕ. ತನ್ನಷ್ಟಕ್ಕೇ ಗುಡಿಸ್ತದೆ.”

“ಹೌದನಾ. ಚೌತಿ ಮುಗಿಸ್ಕಂಡು ನೋಡೂಕೆ ಬರ್ತೆ. ನೆಲ ಚೊಕ್ಕ ಇದ್ರೆ ಊಟ ಮಾಡಿ ಸಂಜೆ ಬಸ್ಸಿಗೆ ವಾಪಸ್. ಕಸ ಕಂಡ್ರೆ ನೀಲಾ ಎದ್ದು ಓಡಾಡೂವರೆಗೂ ಅಲ್ಲೇ.”

ಚೌತಿಗೆ ಐದು ವಾರ ಇತ್ತು.

“ಕಸಬರಿಗೆ ಹಿಡಿಯೂಕೆ ಕಲೀರಿ. ಅದು ಸುಲಭ,” ಎಂದಳು ನೀಲಾ, ರಾತ್ರಿ ಗಂಡ ವಿಷಯ ಹೇಳಿದಾಗ.

“ಅಕ್ಕ ಮಂಚದಡಿಗೆ ಬೆರಳು ಹಾಕಿ ನೋಡ್ತಳು.”

ಅದು ಹೌದಾಗಿತ್ತು.

ಮಿಷನ್ನಿಗೆ ಕಡುಬಿನ ಪಾತ್ರೆಯ ಮುಚ್ಚಳ ಮೈಯಾಯಿತು. ಹಾಳಾದ ಜೆರಾಕ್ಸ್ ಮಿಷನ್ನಿನ ಎರಡು ಮೋಟರು ಕಾಲಾದವು. ಬೂಟಿನ ಬ್ರಷ್ಷು, ಕಂಪ್ಯೂಟರಿನ ಫ್ಯಾನು, ಸ್ಕೂಟರಿನ ಬ್ಯಾಟರಿ. ನಡುವೆ ನಲವತ್ತು ಕಾಲಿನ ಒಂದು ಚಿಪ್. ಯಾವ ಮೋಟರು ಯಾವಾಗ ತಿರುಗಬೇಕೆಂದು ಅದರೊಳಗೆ ಬರೆದಿಡಬೇಕು. ಮಾಬ್ಲೇಶ್ವರ ಹಳೆ ಕ್ಯಾಲೆಂಡರಿನ ಬೆನ್ನಿಗೆ ಪ್ರೋಗ್ರಾಮು ಬರೆಯುತ್ತಿದ್ದ. ಅದನ್ನು ಚಿಪ್ಪಿಗೆ ತುಂಬಿಸಲು ಕುಮಟೆಗೆ ಹೋಗಬೇಕು, ಅಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ವಿನೋದನ ಹತ್ತಿರ. ಒಂದು ಅಕ್ಷರ ತಪ್ಪಿದರೆ ಮತ್ತೆ ಕುಮಟೆ. ಇವನಿಗೆ ಕುಮಟೆಯಲ್ಲಿ ಇನ್ನೊಂದು ಸಂಸಾರ ಇದೆ ಎಂದು ಬಸ್ಸಿನ ಕಂಡಕ್ಟರು ತೀರ್ಮಾನಿಸಿದ.

ಮನೆಗೆ ಜಗಲಿ ಇದೆ, ಜಗಲಿಗೆ ಮೆಟ್ಟಿಲು. ಮಿಷನ್ನು ಬೀಳಬಾರದೆಂದು ಅದರ ಹೊಟ್ಟೆಯ ಕೆಳಗೆ ಒಂದು ಕಣ್ಣು ಇಟ್ಟ. ಕಣ್ಣು ನಮಗೆ ಕಾಣದ ಬೆಳಕು ಬಿಡುತ್ತದೆ. ನೆಲ ಇದ್ದರೆ ಬೆಳಕು ವಾಪಸು ಬರುತ್ತದೆ. ಬರದಿದ್ದರೆ ಮುಂದೆ ಹೊಂಡ, ಹಿಂದೆ ಸರಿ ಎಂದು ಬರೆದ. ಅಂಗಡಿಯ ಬಿಳಿ ಟೈಲಿನ ಮೇಲೆ ಅದು ಹೊಸ ಸೊಸೆಯ ಹಾಗೆ ಗುಡಿಸಿತು.

ಮನೆಗೆ ತಂದು ಬಿಟ್ಟ. ಅದು ಒಂದು ಗೇಣು ಹಿಂದೆ ಹೋಯಿತು. ಮತ್ತೊಂದು ಗೇಣು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಗುರ್ ಗುರ್ ಎನ್ನುತ್ತಾ ನಿಂತಿತು.

“ಹೆದರ್ಕಂಡಿದೆ ಅದು,” ಎಂದಳು ನೀಲಾ.

ಮನೆಯದು ಕರಿ ಸಿಮೆಂಟಿನ ನೆಲ. ಹದಿನೆಂಟು ವರ್ಷ ನೀಲಾ ಅದಕ್ಕೆ ತೆಂಗಿನ ಸಿಪ್ಪೆಯಲ್ಲಿ ಎಣ್ಣೆ ತಿಕ್ಕಿದ್ದಳು. ಬಗ್ಗಿದರೆ ಮುಖ ಕಾಣುತ್ತಿತ್ತು. ಆ ಕಪ್ಪು ನೆಲ ಮಿಷನ್ನಿನ ಬೆಳಕನ್ನು ಮಾತ್ರ ವಾಪಸು ಕೊಡಲಿಲ್ಲ. ಮಿಷನ್ನಿಗೆ ಇಡೀ ಮನೆ ಬಾವಿಯಾಗಿ ಕಂಡಿತು.

“ನೆಲಕ್ಕೆ ಸುಣ್ಣ ಬಳಿವನಾ?” ಎಂದು ಮಾಬ್ಲೇಶ್ವರ ಮೆಲ್ಲಗೆ ಕೇಳಿದ.

“ಬಳೀರಿ. ಈ ಬೆನ್ನು ಹೊತ್ಕಂಡೇ ಎದ್ದು ಬರ್ತೆ.”

ಕುಮಟೆಗೆ ಹೋದ. ಕಣ್ಣಿನ ಮಾತು ಕೇಳಬೇಡ ಎಂದು ತುಂಬಿಸಿಕೊಂಡು ಬಂದ. ಈಗ ಮಿಷನ್ನು ಹೆದರಲಿಲ್ಲ. ಸೀದಾ ಹೋಗಿ ಜಗಲಿಯಿಂದ ಅಂಗಳದ ಕೆಸರಿಗೆ ಬಿತ್ತು. ಅಂಗಾತ ಬಿದ್ದು ಚಕ್ರ ತಿರುಗಿಸುತ್ತಲೇ ಇತ್ತು. ಕೋಳಿಗಳು ಎರಡು ದಿನ ಅಂಗಳಕ್ಕೆ ಬರಲಿಲ್ಲ.

ಚೌತಿಗೆ ಎಂಟು ದಿನ ಉಳಿಯಿತು. ಮಾಬ್ಲೇಶ್ವರ ತಟ್ಟೆಯ ಮುಂದೆ ಕೂತ, ಉಣ್ಣಲಿಲ್ಲ. ನೀಲಾ ಮಂಚದಿಂದ ಹೇಳಿದಳು:

“ಕರೆಂಟು ಹೋದಾಗ ನಾನು ಮೆಟ್ಲು ಕಣ್ಣಲ್ಲಿ ನೋಡ್ತ್ನಾ? ಕಾಲಿನ ಹೆಬ್ಬೆರಳಲ್ಲಿ ಮುಟ್ಟಿ ನೋಡ್ತೆ.”

ಅವನು ಎದ್ದು ಹೋದ. ಸೈಕಲ್ಲಿನ ಕಡ್ಡಿ ಕತ್ತರಿಸಿ ಮಿಷನ್ನಿಗೆ ಎರಡು ಹೆಬ್ಬೆರಳು ಮಾಡಿದ. ನೆಲ ತಪ್ಪಿದರೆ ಕಡ್ಡಿ ಕೆಳಗಿಳಿದು ಸ್ವಿಚ್ಚು ಒತ್ತುತ್ತದೆ, ಮಿಷನ್ನು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಸರಿಯಿತು. ಸರಿಯುತ್ತಲೇ ಹೋಯಿತು. ಜಗಲಿಯಿಂದ ಅಡಿಗೆಮನೆಯವರೆಗೆ ಹಿಂದೆ ಹಿಂದೆ ಹೋಗಿ ಬಂಗಡೆ ಸಾರಿನ ಪಾತ್ರೆ ಉರುಳಿಸಿತು. ಸ್ವಿಚ್ಚು ಒಮ್ಮೆ ಒತ್ತಿದರೂ ಒಳಗಿನ ತಗಡು ಹತ್ತಿಪ್ಪತ್ತು ಸಲ ಅದುರುತ್ತದಂತೆ. ಚಿಪ್ ಅಷ್ಟನ್ನೂ ನಂಬಿ ಅಷ್ಟು ಹೆಜ್ಜೆ ಇಟ್ಟಿತು.

“ಒಂದ್ಸಲ ಮುಟ್ಟಿದ್ರೆ ಸ್ವಲ್ಪ ತಡೆದು ಮತ್ತೊಮ್ಮೆ ಕೇಳು, ಅಂತ ಬರೀಬೇಕಿತ್ತು,” ಎಂದ ಮಾಬ್ಲೇಶ್ವರ. ಮತ್ತೆ ಕುಮಟೆ. ಕಂಡಕ್ಟರು “ಅಲ್ಲಿ ಮಕ್ಕಳು ಆರಾಮನಾ?” ಎಂದು ವಿಚಾರಿಸಿದ.

ಚೌತಿಯಾದ ಮೂರನೇ ದಿನ ಮಹಾಲಕ್ಷ್ಮೀ ಬಂದಳು. ಕೈಯಲ್ಲಿ ಎರಡು ಚೀಲ. ನೀರು ಕುಡಿಯುವ ಮೊದಲೇ “ಬಿಡು ನೋಡ್ವ” ಎಂದಳು. ಮಿಷನ್ನು ಹೊರಟಿತು. ಅವಳು ಕಾಲೆರಡೂ ಮಂಚದ ಮೇಲೆ ಇಟ್ಟುಕೊಂಡಳು. ಅದು ಮಂಚದಡಿಗೆ ಹೋಯಿತು, ಅಕ್ಕಿ ಕಣಜದ ಹಿಂದೆ ಹೋಯಿತು, ಮೆಟ್ಟಿಲು ಮುಟ್ಟಿ ವಾಪಸು ಬಂತು. ಆಮೇಲೆ ಅವಳು ಇಳಿದು ಮಂಚದಡಿಗೆ ಬೆರಳು ಎಳೆದಳು. ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಣಜದ ಹಿಂದೆಯೂ ಎಳೆದಳು.

“ಚೊಕ್ಕ ಇದೆ,” ಎಂದಳು.

ನೀಲಾಗೆ ಬೆನ್ನು ನೋವು ಅರ್ಧ ಹೋದ ಹಾಗಾಯಿತು.

ಮಹಾಲಕ್ಷ್ಮೀ ಕೂತಳು. ಚೀಲದೊಳಗಿಂದ ಒಂದು ಬಾಟಲಿ ತೆಗೆದಳು. “ಎಣ್ಣೆ. ನಾನೇ ಕಾಯಿಸಿದ್ದು. ಹಚ್ಚೂಕೆ ಯಾರಾದ್ರೂ ಇದ್ರೆ ಹಚ್ಕೊ,” ಎಂದು ಮಂಚದ ತುದಿಗೆ ಇಟ್ಟಳು. ಚೀಲದಲ್ಲಿ ಮಡಚಿದ ಸೀರೆಗಳಿದ್ದವು. ಏಳೆಂಟು ಇದ್ದವು. ಅವಳು ಚೀಲದ ಬಾಯಿ ಮುಚ್ಚಿದಳು. “ಬಸ್ಸು ಎಷ್ಟೊತ್ತಿಗೆ?”

ಮಾಬ್ಲೇಶ್ವರ ಚೀಲವನ್ನು ನೋಡಿದ, ಅಕ್ಕನನ್ನು ನೋಡಿದ. ಬಗ್ಗಿ ಮಿಷನ್ನನ್ನು ಮಗುಚಿ ಏನೋ ಪರೀಕ್ಷೆ ಮಾಡುವವನ ಹಾಗೆ ಬ್ಯಾಟರಿಯ ತಂತಿ ಎಳೆದ. ನೀಲಾ ನೋಡುತ್ತಲೇ ಇದ್ದಳು.

“ನಿಂತ್ಹೋತು,” ಎಂದ.

“ಎಂತ ಆತು?”

“ದಿನಕ್ಕೆ ಒಂದೇ ಕೋಣೆ ಅಕ್ಕ. ಬ್ಯಾಟ್ರಿ ಅಷ್ಟೇ ತಡೀತದೆ. ಉಳಿದದ್ದಕ್ಕೆ ಜನ ಬೇಕು.”

ನೀಲಾ ಕಳಚಿದ ತಂತಿಯನ್ನು ನೋಡಿದಳು.

“ನಾನು ಬಾಗ್ಲಲ್ಲೇ ಅಂದ್ಕಂಡೆ,” ಎಂದು ಮಹಾಲಕ್ಷ್ಮೀ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ತಗಡಿಗೆ ಎಂತ ಗೊತ್ತಾಗ್ತದೆ. ನೀಲಾ, ಮಗ್ಗುಲಾಗು. ಮೊದಲು ಬೆನ್ನು ತೋರ್ಸು.”

ನೀಲಾ ಗಂಡನ ಜೊತೆ ಎರಡು ದಿನ ಮಾತು ಬಿಟ್ಟಳು. ಅತ್ತಿಗೆಯ ಕೈ ಭಾರ. ಆದರೆ ಎಲ್ಲಿ ಒತ್ತಬೇಕೆಂದು ಗೊತ್ತಿದ್ದ ಕೈ. ಮೂರನೇ ದಿನ ನೀಲಾ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿ ಬಂದಳು. ಇನ್ನು ಗಂಡನನ್ನು ಮಾತಾಡಿಸದೆ ಬೇರೆ ದಾರಿ ಇರಲಿಲ್ಲ.

ಐದು ವರ್ಷದ ಮೇಲೆ ಒಂದು ಮಧ್ಯಾಹ್ನ ಮಾಬ್ಲೇಶ್ವರ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತ. ಏಳಲಿಲ್ಲ. ಸುದ್ದಿ ಕೇಳಿ ಮಹಾಲಕ್ಷ್ಮೀ ಶಿರಾಲಿಯಿಂದ ಮತ್ತೆ ಬಂದಳು. ಇನ್ನೂ ಇದ್ದಾಳೆ. ಸಾರಿಗೆ ಹುಳಿ ಜಾಸ್ತಿ ಹಾಕುತ್ತಾಳೆ. ನೀಲಾ ಉಣ್ಣುತ್ತಾಳೆ.