ಎಲ್ಲ ಧರ್ಮಗಳನ್ನೂ ಓದಿದ ಮಾವ

ನನ್ನ ಮಾವನ ಕೆಳದುಟಿಯ ಮೇಲೆ ಸದಾ ಒಂದು ಕೆಂಪು ಕಲೆ ಇರುತ್ತಿತ್ತು. ಎಲೆಅಡಿಕೆಯದಲ್ಲ, ಪೆನ್ಸಿಲಿನದು. ಓದುವಾಗ ಕೆಂಪು ಪೆನ್ಸಿಲಿನ ತುದಿಯನ್ನು ತುಟಿಗೆ ಒತ್ತಿ ಒದ್ದೆ ಮಾಡಿಕೊಂಡು ಸಾಲಿನ ಕೆಳಗೆ ಗೆರೆ ಎಳೆಯುತ್ತಿದ್ದರು. ಗೆರೆಯ ಉಬ್ಬು ಪುಟದ ಹಿಂಭಾಗದಲ್ಲಿ ಕೈಗೆ ಸಿಗುವಷ್ಟು ಬಲವಾಗಿ. ಆ ಕಲೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬೂದಿಕೋಟೆಯ ಒಕ್ಕಲು ಮನೆತನದಲ್ಲಿ ಹುಟ್ಟಿದ ಅವರು ನಂದಿದುರ್ಗ ಚಿನ್ನದ ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಿವೃತ್ತಿಯಾದ ಮೇಲೆ ಉರಿಗಾಂನಲ್ಲಿ ತಗಡಿನ ಮಾಡಿನ ಮನೆಯಲ್ಲಿ ಕೂತು ಲೋಕದ ಧರ್ಮಗಳನ್ನೆಲ್ಲ ಓದತೊಡಗಿದರು. ಕ್ರೈಸ್ತರದು, ಮುಸಲ್ಮಾನರದು, ಬೌದ್ಧರದು, ಜೈನರದು, ಪಾರಸಿಗಳದು, ಎಲ್ಲವೂ ಮನೆಯಲ್ಲಿದ್ದವು. ಎಲ್ಲ ಗ್ರಂಥಗಳ ಅಂಚಿನಲ್ಲೂ ಅವರು ಬರೆಯುತ್ತಿದ್ದ ಪ್ರಶ್ನೆ ಒಂದೇ: ‘ಈ ಕಟ್ಟಳೆ ಮಾಡಿದವನು ತಾನೂ ಇದನ್ನು ಪಾಲಿಸಬೇಕಾಗಿತ್ತೇ?’

ಎಂಬತ್ತರ ದಶಕದ ಮೊದಲಲ್ಲಿ ನಾನು ಬಂಗಾರಪೇಟೆಯಿಂದ ಆ ಮನೆಗೆ ಸೊಸೆಯಾಗಿ ಬಂದೆ. ಪಿಯುಸಿ ಮುಗಿಸಿದ್ದೆ. ಮೊದಲ ತಿಂಗಳೇ ಮುಟ್ಟಾದಾಗ ಅತ್ತೆ ಒಂದು ಚಾಪೆ, ಒಂದು ತಟ್ಟೆ ಕೊಟ್ಟು ಹಿಂದಿನ ಕೋಣೆಗೆ ಕಳಿಸಿದರು. ಮೂರು ದಿನ ಯಾರನ್ನೂ ಮುಟ್ಟುವಂತಿಲ್ಲ, ಹಾಲ್‌ಗೆ ಬರುವಂತಿಲ್ಲ. ನಮ್ಮ ತವರಿನಲ್ಲಿ ಇಷ್ಟು ಬಿಗಿ ಇರಲಿಲ್ಲ. ಅತ್ತೆಯದೇ ಹಟ ಅಂದುಕೊಂಡೆ. ಆದರೆ ಬಾಗಿಲಾಚೆ ನಿಂತು, “ಕೊಡ ಮುಟ್ಟಬ್ಯಾಡ ಅಂತ ಯೋಳು ಅವಳ್ಗೆ” ಎಂದವರು ಮಾವ.

ಆ ಕೋಣೆಯಲ್ಲೇ ಅವರ ಪುಸ್ತಕದ ಕಪಾಟು ಇತ್ತು. ಪುಸ್ತಕಕ್ಕೆ ಮೈಲಿಗೆ ಇಲ್ಲವೆಂದೋ, ನಾನು ಓದಲಾರೆನೆಂದೋ, ಬೀಗ ಹಾಕಿರಲಿಲ್ಲ. ತಿಂಗಳಿಗೆ ಮೂರು ದಿನದಂತೆ ಎರಡು ವರ್ಷ ಓದಿದೆ. ಮೊದಮೊದಲು ಬೇಸರ ಕಳೆಯಲು, ಆಮೇಲೆ ಹಸಿವಿನಿಂದ. ಮೂಲಕ್ಕಿಂತ ಅಂಚಿನ ಬರಹವೇ ನನ್ನನ್ನು ಹಿಡಿದಿತ್ತು. ಯಾವ ಧರ್ಮಕ್ಕೂ ಅವರು ರಿಯಾಯಿತಿ ಕೊಟ್ಟಿರಲಿಲ್ಲ, ನಮ್ಮದಕ್ಕೂ. ಆ ಬುದ್ಧಿಯನ್ನು ಮೆಚ್ಚುತ್ತಲೇ ಆ ಮನುಷ್ಯನನ್ನು ದ್ವೇಷಿಸಿದೆ.

ಭಾನುವಾರ ಬೆಳಿಗ್ಗೆ ಇಬ್ಬರು ಬರುತ್ತಿದ್ದರು. ಒಬ್ಬರು ಚರ್ಚಿನ ಉಪದೇಶಿ, ಮನೆಮಾತು ತಮಿಳು. ಇನ್ನೊಬ್ಬರು ಬಂಗಾರಪೇಟೆಯಿಂದ ರೈಲಿನಲ್ಲಿ ಬರುತ್ತಿದ್ದ ದರ್ಜಿ ಸಾಬರು. ಮಾವ ಅವರನ್ನು ಕೂರಿಸಿಕೊಂಡು ಕಾಫಿ ಕೊಟ್ಟು, ಪ್ರಶ್ನೆಗಳಿಂದ ಹಿಂಡುತ್ತಿದ್ದರು. ಒಂದು ಭಾನುವಾರ ನಾನು ಹಿಂದಿನ ಕೋಣೆಯಲ್ಲಿದ್ದೆ. ಹಾಲ್‌ನಲ್ಲಿ ಮಾವ ಸಾಬರನ್ನು ಕೇಳುತ್ತಿದ್ದರು: “ನಿಮ್ಮ ಎಂಗಸ್ರನ್ನ ಮಸೀದಿಗ್ಯಾಕೆ ಬಿಡಾಕಿಲ್ಲ? ಆ ಕಟ್ಟಳೆ ಮಾಡ್ದೋರು ಯಾರು?” ಉಪದೇಶಿ ನಕ್ಕು, “ನಿಮ್ಮ ಕೇಳ್ವಿಗೆ ನಮ್ ಫಾದರ್ ಅತ್ರಾನೂ ಪದಿಲ್ ಇಲ್ಲ ಸಾರ್, ಉತ್ರ ಇಲ್ಲ” ಅಂದರು.

ನಾನು ಬಾಗಿಲಿಗೆ ಬಂದು ನಿಂತೆ.

“ಮಾವ, ನಾನು ಈ ರೂಮಲ್ಲಿ ಕೂರ್ಬೇಕು ಅಂತ ಕಟ್ಟಳೆ ಮಾಡ್ದೋರು ಯಾರು? ಅವರೂ ಕೂತಿದ್ರಾ?”

ಸಾಬರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಮಾವ ನನ್ನತ್ತ ತಿರುಗಲಿಲ್ಲ. “ಒಳಕ್ಕೋಗು” ಅಂದರು. ನಾನು ಕದಲಲಿಲ್ಲ. “ಪುಸ್ತಕ ಓದೋದು ಬ್ಯಾರೆ, ಮನೆ ನಡೆಸೋದು ಬ್ಯಾರೆ. ಒಳಕ್ಕೋಗು ಅಂದ್ನಲ್ಲ.”

ಅತಿಥಿಗಳು ಹೋದ ಮೇಲೆ ಬಂದು ಕಪಾಟಿಗೆ ಬೀಗ ಹಾಕಿದರು. ನನ್ನ ಗಂಡ ಪಾಳಿ ಮುಗಿಸಿ ಕಾರ್ಖಾನೆಯಿಂದ ಬಂದು ವಿಷಯ ಕೇಳಿ, “ಅಪ್ಪನ್ನ ಯಾಕೆ ಕೆಣಕ್ದೆ?” ಎಂದಷ್ಟೇ ಅಂದರು. ಮಾವ ನನ್ನೊಡನೆ ಮಾತು ಬಿಟ್ಟರು. ಆ ಮೇಲಿನ ಮೂರುಮೂರು ದಿನಗಳು ಗೋಡೆ ನೋಡುತ್ತ ಕಳೆದವು. ಕೆಲವು ವಾರಗಳಾದ ಮೇಲೆ ಹೊಲಿಯಲು ಕೊಟ್ಟಿದ್ದ ನನ್ನ ರವಿಕೆಯನ್ನು ಸಾಬರು ತಂದುಕೊಟ್ಟರು. ಬಿಚ್ಚಿದರೆ ಒಳಗೊಂದು ಪುಸ್ತಕ. ಆಮೇಲೆ ಪ್ರತಿ ರವಿಕೆಯೊಳಗೂ ಒಂದು ಬಂತು.

ಮೂರ್ನಾಲ್ಕು ವರ್ಷಗಳಲ್ಲಿ ಸಕ್ಕರೆ ಕಾಯಿಲೆ ಮಾವನ ಕಣ್ಣು ತಿಂದಿತು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದರೂ ಅಕ್ಷರ ಕಾಣದಾಯಿತು. ಸಾಬರು ಬರುವುದು ವಾರಕ್ಕೊಮ್ಮೆ, ಉಪದೇಶಿಗೆ ಕನ್ನಡ ಓದಲು ಬಾರದು, ಮಗನಿಗೆ ವ್ಯವಧಾನವಿಲ್ಲ. ಒಂದು ಬೆಳಿಗ್ಗೆ ಕಪಾಟಿನ ಬೀಗದ ಕೈಯನ್ನು ನನ್ನ ಮುಂದೆ ಮೇಜಿನ ಮೇಲಿಟ್ಟು, “ಓದ್ತೀಯೇನಮ್ಮ?” ಎಂದರು.

“ಓದ್ತೀನಿ. ಆ ಮೂರು ದಿನಾನೂ ಓದ್ತೀನಿ. ಇಲ್ಲೇ, ನಿಮ್ಮ ಪಕ್ಕದ ಕುರ್ಚೀಲಿ.”

ಕೀ ಎತ್ತಿಕೊಂಡು ಎದ್ದು ಹೋದರು. ನಾಲ್ಕು ದಿನ ಸುಮ್ಮನೆ ಕಿಟಕಿಯತ್ತ ಮುಖ ಮಾಡಿ ಕೂತಿದ್ದರು. ನನಗೆ ಕನಿಕರ ಬರಲಿಲ್ಲ, ನಿಜ ಹೇಳುತ್ತೇನೆ. ಐದನೆಯ ದಿನ ನಾನು ಮುಟ್ಟಾಗಿ ಹಿಂದಿನ ಕೋಣೆಯಲ್ಲಿ ಕೂತಿದ್ದಾಗ, ಕೀಯನ್ನು ಬಾಗಿಲೊಳಕ್ಕೆ ಎಸೆದು ಹಾಲ್‌ನಿಂದ ಕೂಗಿದರು: “ಬಾರಮ್ಮ. ಬೌದ್ಧರದ್ದು ತಗೊಂಡು ಬಾ.” ಅತ್ತೆ ಓಡಿ ಬಂದು ಅಡ್ಡ ನಿಂತರು. “ಅವಳು ಒರಗಡೆ ಅವಳೆ ಕಣ್ರೀ” ಎಂದರು. “ಗೊತ್ತು. ಸುಮ್ಕಿರು” ಎಂದರು ಮಾವ.

ಆರು ವರ್ಷ ಓದಿದೆ. ನಮ್ಮ ನಡುವೆ ಪ್ರೀತಿ ಬೆಳೆಯಿತೆಂದು ಯಾರಾದರೂ ಭಾವಿಸಿದರೆ ತಪ್ಪು. ಒಂದಕ್ಷರ ಜಾರಿದರೆ ‘ದಡ್ಡಿ’ ಎನ್ನುತ್ತಿದ್ದರು. ನಾನು ಬೇಕೆಂದೇ ಸಾಲು ಹಾರಿಸುತ್ತಿದ್ದೆ, ಹಿಡಿದು ಬೈಯುತ್ತಿದ್ದರು. ಅಂಚಿನ ಟಿಪ್ಪಣಿಯನ್ನು ಅವರು ಹೇಳಬೇಕು, ನಾನು ಬರೆಯಬೇಕು. ಒಮ್ಮೆ ಬರೆದದ್ದನ್ನು ಓದಿಸಿದರು.

“ಇದು ನಾನ್ ಏಳಿದ್ದಲ್ಲ.”

“ನಾನು ಹೇಳಿದ್ದು.”

“ಅಳ್ಸು.”

“ಅಳ್ಸಲ್ಲ.”

ಕುರ್ಚಿಗೆ ಒರಗಿಕೊಂಡು, “ಮುಂದಕ್ಕೋದು” ಎಂದರು. ಕಪಾಟಿಗೆ ಬೀಗ ಹಾಕಿದ್ದು ತಪ್ಪೆಂದು ಅವರು ಎಂದೂ ಹೇಳಲಿಲ್ಲ. ಆ ಮಾತು ಕೇಳಬೇಕೆಂದು ನಾನು ಕಾದದ್ದು ಮಾತ್ರ ನಿಜ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಮಧ್ಯಾಹ್ನ ಊಟಕ್ಕೆ ಮುಂಚೆ, ಕುರ್ಚಿಯಲ್ಲೇ ತೀರಿಕೊಂಡರು. ಅಂದು ನಾನು ಮುಟ್ಟಾಗಿದ್ದೆ. ಬೂದಿಕೋಟೆಯಿಂದ ನೆಂಟರು ಬಂದಿದ್ದರು. ಒಬ್ಬೊಬ್ಬರಾಗಿ ಅವರ ಬಾಯಿಗೆ ಹಾಲು ಬಿಡುತ್ತಿದ್ದರು. ನಾನು ಮುಂದೆ ಬಂದಾಗ ನೆಂಟರ ಪೈಕಿ ಹಿರಿಯರೊಬ್ಬರು ಹೆಂಗಸರಿಂದ ವಿಷಯ ತಿಳಿದು ಕೈ ಅಡ್ಡ ಹಿಡಿದರು. “ನೀನು ಬರಂಗಿಲ್ಲಮ್ಮ” ಎಂದರು. ನನ್ನ ಗಂಡ ನೆಲ ನೋಡುತ್ತಿದ್ದರು.

ಕಲಿಸಬೇಕೆಂದು ಅವರು ನನಗೆ ಏನನ್ನೂ ಕಲಿಸಲಿಲ್ಲ. ಆದರೂ ಪ್ರಶ್ನೆ ಕೇಳಿ ಅಲ್ಲೇ ನಿಂತಿರುವುದನ್ನು ನಾನು ಕಲಿತದ್ದು ಅವರಿಂದ, ಬೇರೆ ಯಾರಿಂದಲೂ ಅಲ್ಲ. ಆ ಋಣ ನನಗೆ ಇಷ್ಟವಿಲ್ಲ, ಇಲ್ಲವೆನ್ನಲೂ ಆಗದು. ನಾನು ಹಿಂದೆ ಸರಿಯದೆ ನಿಂತೆ.

ಆಗ ಅತ್ತೆ ಎದ್ದರು. ಹಿರಿಯರ ಕೈಯನ್ನು ಪಕ್ಕಕ್ಕೆ ಸರಿಸಿ, ಹಾಲಿನ ಬಟ್ಟಲನ್ನು ತಾವೇ ತಂದು, ಬೆರಳು ತಾಗುವಂತೆ ನನ್ನ ಕೈಗಿಟ್ಟರು.

“ಆಲು ಬಿಡಮ್ಮ. ಅವ್ರ ಕೈಲಿ ಎಲ್ರಿಗಿಂತ ಜಾಸ್ತಿ ಬೈಸ್ಕೊಂಡೋಳು ನೀನೇ.”