ಹಾಜರಿ ಕೂಗುತ್ತಿದ್ದ ಗೆಳೆಯ

ಕಾಲೇಜಿನಲ್ಲಿ ಅವನು ನಮ್ಮ ಕ್ಲಾಸ್ ಲೀಡರ್. ನಿವೃತ್ತರಾದ ಮೇಲೂ ತಿಂಗಳಿಗೊಮ್ಮೆ ನಮ್ಮನ್ನೆಲ್ಲ ಬಾಳ್ಳುಪೇಟೆಯ ಹೋಟೆಲಿಗೆ ಕರೆಸಿ, ಕಾಫಿ ಬರುವ ಮೊದಲೇ ಕನ್ನಡಕ ಒರೆಸಿಕೊಂಡು ರೋಲ್ ನಂಬರ್ ಕೂಗುತ್ತಿದ್ದ. "ಜೋರಾಗಿ ಹೇಳ್ರೋ, ಕೇಳಿಸ್ತಿಲ್ಲ" ಎನ್ನುವುದು ಅವನ ಮಾಮೂಲಿ ಮಾತು. ತೀರಿಕೊಂಡವರ ನಂಬರ್ ಬಂದಾಗ, ಕಾಲೇಜಿನ ಚಾಳಿಯಂತೆ, ಉಳಿದವರು ಪ್ರಾಕ್ಸಿ ಕೊಡುತ್ತಿದ್ದೆವು. ಅವನು ನಕ್ಕು ಗುರುತು ಹಾಕಿಕೊಳ್ಳುತ್ತಿದ್ದ.

ಹೋದ ತಿಂಗಳ ಹೊತ್ತಿಗೆ ಉಳಿದವರು ನಾವಿಬ್ಬರೇ. ಸಕಲೇಶಪುರದ ಅವನ ಮನೆಗೆ ನಾನೇ ಹೋದೆ. ಹಾಸಿಗೆಯಲ್ಲೇ ಒರಗಿ ನಂಬರ್ ಕೂಗಿದ. ಎಲ್ಲರ ಪರವಾಗಿ ನಾನೊಬ್ಬನೇ "ಎಸ್ ಸಾರ್" ಅನ್ನುತ್ತಾ ಹೋದೆ. ಹದಿನೇಳು ಬಂತು. ಅದು ನನ್ನದೇ ನಂಬರ್. "ಎಸ್ ಸಾರ್" ಎಂದೆ.

ಅವನು ತಲೆಯೆತ್ತಿ ನನ್ನನ್ನೇ ದಿಟ್ಟಿಸಿದ. ಕಣ್ಣು ತುಂಬಿತ್ತು.

"ಅವನಿಗೊಬ್ಬನಿಗೆ ಪ್ರಾಕ್ಸಿ ಕೊಡ್ಬೇಡ ಮಾರಾಯ. ಅವನೂ ಹೋಗ್ಬುಟ್ಟ ಕಣೋ."